ವಾಷಿಂಗ್ ಮಷಿನ್‌ನಿಂದ ನೀರು ಹೋಗುತ್ತಿಲ್ಲವೇ? ಮೊದಲು ಹಿತ್ತಲಿಗೆ ಹೋಗಿ ನೋಡಿ

ಪುನರ್ವಸು ಮಳೆ ಹಿಡಿದು ನಾಲ್ಕನೇ ದಿನ. ತೀರ್ಥಹಳ್ಳಿ ಹತ್ತಿರದ ಊರಮನೆಯಿಂದ ಅತ್ತಿಗೆ ಫೋನ್ ಮಾಡಿದರು. "ಮಷಿನ್ ತುಂಬ ನೀರು ನಿಂತುಬಿಟ್ಟಿದೆ ಮಾರಾಯ. ಬಾಗಿಲು ತೆಗೆಯೋಕೂ ಆಗ್ತಿಲ್ಲ. ಮಕ್ಕಳ ಯೂನಿಫಾರಂ ಎಲ್ಲ ಒಳಗೇ ಇದೆ."

ಬಯಲುಸೀಮೆಯವರಿಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸದೇ ಇರಬಹುದು. ಬಟ್ಟೆ ಹಿಂಡಿ ಬಿಸಿಲಿಗೆ ಹಾಕಿದರೆ ಸಂಜೆಗೆ ಒಣಗುತ್ತದೆ. ನಮ್ಮ ಕಡೆ ಹಾಗಲ್ಲ. ಮಳೆಗಾಲದಲ್ಲಿ ಕೈಯಲ್ಲಿ ಹಿಂಡಿದ ಬಟ್ಟೆ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಮೂರು ದಿನ ತೂಗಿದರೂ ಹಸಿಯಾಗೇ ಇರುತ್ತದೆ. ಆಮೇಲೆ ಹೊಗೆ ವಾಸನೆ, ಮುಗ್ಗು ವಾಸನೆ ಎರಡೂ ಸೇರಿಕೊಳ್ಳುತ್ತವೆ. ಮಲೆನಾಡಿನ ಮನೆಗಳಿಗೆ ಮಷಿನ್ ಬೇಕಾಗಿರುವುದು ಒಗೆಯುವುದಕ್ಕಿಂತ ಜಾಸ್ತಿ ಹಿಂಡುವುದಕ್ಕೆ. ನೀರು ಹೊರಗೆ ಹೋಗದೆ ಮಷಿನ್ ಹಿಂಡುವುದಿಲ್ಲ.

ಅತ್ತಿಗೆಗೆ ಹೇಳಿದ್ದು ಇಷ್ಟೇ: "ಸ್ಪಿನ್ ಒಂದೇ ಹಾಕಿ, ಫೋನನ್ನು ಮಷಿನ್ ಬುಡಕ್ಕೆ ಹಿಡಿಯಿರಿ." ಕೇಳಿಸಿಕೊಂಡೆ. ಪಂಪ್ ತಿರುಗುವ ಸದ್ದು ಚೆನ್ನಾಗಿಯೇ ಬರುತ್ತಿತ್ತು. ಅಂದರೆ ಪಂಪ್ ಬದುಕಿದೆ, ನೀರಿಗೆ ದಾರಿ ಇಲ್ಲ. "ಹಿತ್ತಲಿಗೆ ಹೋಗಿ ಪೈಪಿನ ಬಾಯಿ ನೋಡಿ" ಎಂದೆ. ಗೋಡೆಯಿಂದ ಹೊರಬಂದ ಪಿವಿಸಿ ಪೈಪಿನ ಬಾಯಿ ಅಂಗಳದ ಕಾಲುವೆಯಲ್ಲಿ ಕೆಂಪು ಮಣ್ಣಿನಡಿ ಹೂತುಹೋಗಿತ್ತು. ಅದರ ಮೇಲೊಂದು ಅಡಿಕೆ ಹಾಳೆ ಬಿದ್ದಿತ್ತು. ಗುದ್ದಲಿಯಿಂದ ಬಿಡಿಸಿದ ಮೇಲೆ ನೊರೆನೀರು ಭರ್ರೆಂದು ಬಂತು. ಮಷಿನ್‌ನ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಲಿಲ್ಲ.

ನನಗೆ ಇದು ತಟ್ಟನೆ ಹೊಳೆಯಲು ಕಾರಣ ಇದೆ. ಎರಡು ವರ್ಷದ ಹಿಂದೆ ಶಿವಮೊಗ್ಗದ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ಬೇಸಿಗೆ ರಜೆಗೆ ಊರಿಗೆ ಹೋಗಿ ಮೂರು ವಾರ ಬಿಟ್ಟು ಬಂದಿದ್ದೆವು. ಮಷಿನ್ ಹಾಕಿದರೆ ನೀರು ಹೋಗುತ್ತಿಲ್ಲ. ರಿಪೇರಿಗೆ ಬಂದವರು ಎರಡೇ ನಿಮಿಷ ನೋಡಿ ಪಂಪ್ ಹೋಗಿದೆ ಎಂದರು. ಹೊಸ ಪಂಪ್ ಹಾಕಿದರು, ದುಡ್ಡು ತೆಗೆದುಕೊಂಡು ಹೋದರು. ಸಂಜೆ ಮತ್ತೆ ನೀರು ನಿಂತಿತು. ಕೊನೆಗೆ ನಾನೇ ಡ್ರೈನ್ ಪೈಪು ಬಿಚ್ಚಿ ಬಿಸಿಲಿಗೆ ಹಿಡಿದು ನೋಡಿದೆ. ಬಾಯಿಯ ಒಳಗೆ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಸಿಮೆಂಟ್ ಮೆತ್ತಿದ ಹಾಗೆ ಗಟ್ಟಿಯಾಗಿತ್ತು. ಹಳೇ ಪಂಪ್ ಅಷ್ಟು ಹೊತ್ತಿಗೆ ಗುಜರಿ ಸೇರಿಯಾಗಿತ್ತು. ಆ ದಿನದಿಂದ ನನ್ನದು ಒಂದೇ ಕ್ರಮ. ಹೊರಗಿನಿಂದ ಶುರು ಮಾಡಿ ಒಳಗೆ ಬರುವುದು. ಪಂಪ್ ಕೊನೆಗೆ.

ಮೊದಲು ಕಿವಿ, ಆಮೇಲೆ ಕೈ

ಪಂಪ್ ಇರುವ ಮಷಿನ್ ಯಾವ ಕಂಪನಿಯದಾದರೂ ಸರಿ, ಸ್ಪಿನ್ ಅಥವಾ ಡ್ರೈನ್ ಹಾಕಿ ಒಂದು ನಿಮಿಷ ಸುಮ್ನೆ ಕೇಳಿ. ನಾಲ್ಕು ಥರದ ಅನುಭವ ಆಗಬಹುದು. ಪಂಪ್ ಸಲೀಸಾಗಿ ತಿರುಗುವ ಸದ್ದು ಇದೆ, ನೀರು ಮಾತ್ರ ಹೋಗುತ್ತಿಲ್ಲ ಅಂದರೆ ದಾರಿ ಕಟ್ಟಿದೆ. ಗುಂಯ್ ಅನ್ನುತ್ತದೆ, ತಿರುಗುತ್ತಿಲ್ಲ ಅಂದರೆ ಪಂಪಿನ ರೆಕ್ಕೆಗೆ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ವೋಲ್ಟೇಜ್ ಸಾಲುತ್ತಿಲ್ಲ. ಕಟಕಟ ಅಂತ ಕಲ್ಲು ಉರುಳಿದ ಸದ್ದು ಬಂದರೆ ಒಳಗೆ ನಾಣ್ಯವೋ ಬಟನ್ನೋ ಇದೆ. ಯಾವ ಸದ್ದೂ ಇಲ್ಲ ಅಂದರೆ ಪಂಪಿಗೆ ಕರೆಂಟ್ ಬರುತ್ತಿಲ್ಲ ಅಥವಾ ಪಂಪ್ ಸುಟ್ಟಿದೆ.

ಡಿಸ್‌ಪ್ಲೇಯಲ್ಲಿ ಕೋಡ್ ಬಂದಿದ್ದರೆ ಅದನ್ನು ಅತಿಯಾಗಿ ನಂಬಬೇಡಿ. ಎಲ್‌ಜಿಯಲ್ಲಿ ಓಇ, ಸ್ಯಾಮ್‌ಸಂಗ್‌ನಲ್ಲಿ 5ಸಿ ಅಥವಾ 5ಇ, ಬಾಷ್‌ನಲ್ಲಿ ಇ18 ಬರುತ್ತದೆ. ಇವೆಲ್ಲ ಹೇಳುವುದು ಒಂದೇ ಮಾತು: ಕೊಟ್ಟ ಸಮಯದಲ್ಲಿ ನೀರು ಖಾಲಿಯಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ಮಷಿನ್‌ಗೂ ಗೊತ್ತಿರುವುದಿಲ್ಲ. "ಓಇ ಬಂತು, ಪಂಪ್ ಬದಲಾಯಿಸಿ" ಅಂತ ಯಾರಾದರೂ ಫೋನಿನಲ್ಲೇ ಹೇಳಿದರೆ ಒಪ್ಪಬೇಡಿ.

ಇನ್ನೊಂದು ಮಾತು, ಇದರಲ್ಲಿ ರಾಜಿ ಬೇಡ. ಕೈ ಹಾಕುವ ಮೊದಲು ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ನಮ್ಮ ಬಚ್ಚಲುಮನೆಯ ನೆಲ ಮಳೆಗಾಲದಲ್ಲಿ ಯಾವಾಗಲೂ ಒದ್ದೆ, ಹಳೇ ಮನೆಗಳಲ್ಲಿ ಅರ್ಥಿಂಗ್ ಕೂಡ ಸರಿ ಇರುವುದಿಲ್ಲ. ಬಿಸಿನೀರಿನ ವಾಶ್ ಹಾಕಿದ್ದರೆ ನೀರು ತಣಿಯುವವರೆಗೆ ಕಾಯಿರಿ.

ಹೊರಗಿನ ದಾರಿ

ಡ್ರೈನ್ ಪೈಪನ್ನು ಅದು ಸೇರುವ ಜಾಗದಿಂದ ಬಿಡಿಸಿ ಬಕೆಟ್‌ಗೆ ಹಾಕಿ. ಮತ್ತೆ ಪ್ಲಗ್ ಕೊಟ್ಟು ಡ್ರೈನ್ ಹಾಕಿ. ಈಗ ನೀರು ರಭಸವಾಗಿ ಬಂದರೆ ಮಷಿನ್ ಚೆನ್ನಾಗಿದೆ, ಮನೆಯ ಪೈಪು ಕಟ್ಟಿದೆ. ಪಂಪ್ ಸರಿಯಿದ್ದರೆ 10 ಲೀಟರ್ ಬಕೆಟ್ ಸುಮಾರು ಒಂದು ನಿಮಿಷದಲ್ಲಿ ತುಂಬಬೇಕು. ನೂಲಿನಂತೆ ಸಣ್ಣಗೆ ಬಂದರೆ ತೊಂದರೆ ಡ್ರೈನ್ ಪೈಪಿನಲ್ಲೋ ಅದಕ್ಕೂ ಒಳಗೋ ಇದೆ. ಈ ಒಂದು ಪರೀಕ್ಷೆಗೆ ಐದು ನಿಮಿಷ ಸಾಕು, ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಡ್ರೈನ್ ಪೈಪನ್ನೂ ಪೂರ್ತಿ ನೋಡಿ. ಮಷಿನ್ ಹಿಂದೆ ತಳ್ಳುವಾಗ ಗೋಡೆಗೆ ಸಿಕ್ಕಿ ಮಡಚಿಕೊಂಡಿರಬಹುದು. ಬಾಯಲ್ಲಿ ಕುಂಬಾರ ಹುಳದ ಮಣ್ಣು ಇರಬಹುದು. ಮಳೆಗಾಲದಲ್ಲಿ ಕಪ್ಪೆ ಹೊಕ್ಕಿರುವುದನ್ನೂ ಕಂಡಿದ್ದೇನೆ. ಗೂಡು ಇದ್ದರೆ ಕಡ್ಡಿ ಹಾಕಿ ಒಳಕ್ಕೆ ನೂಕಬೇಡಿ. ಪೈಪು ಬಿಚ್ಚಿ, ಬಕೆಟ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಹೊರಕ್ಕೆ ಉದುರಿಸಿ. ಊರಿಗೆ ಹೋಗುವಾಗ ಪೈಪಿನ ಬಾಯಿಗೆ ಒಂದು ತುಂಡು ಸೊಳ್ಳೆಪರದೆ ಕಟ್ಟಿ ಹೋದರೆ ಹುಳದ ಕಾಟ ಇಲ್ಲ. ವಾಪಸ್ ಬಂದು ಮಷಿನ್ ಹಾಕುವಾಗ ಅದನ್ನು ಬಿಚ್ಚಬೇಕು, ಇಲ್ಲದಿದ್ದರೆ ಬಟ್ಟೆಯ ನೂಲು ಹಿಡಿದು ಅದೇ ಕಟ್ಟಿಕೊಳ್ಳುತ್ತದೆ.

ಇಲಿಯ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಡಿಕೆ, ಭತ್ತ ಇಟ್ಟ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಅದಕ್ಕೆ ಮಷಿನ್‌ನ ಬೆಚ್ಚಗಿನ ತಳ ತುಂಬ ಇಷ್ಟ. ಪೈಪು ಕಡಿದರೆ ನೆಲಕ್ಕೆ ನೀರು ಸೋರುತ್ತದೆ, ಅದು ಕಣ್ಣಿಗೆ ಕಾಣುತ್ತದೆ. ಪಂಪಿನ ವೈರ್ ಕಡಿದರೆ ಕಾಣುವುದಿಲ್ಲ, ಸದ್ದಿಲ್ಲದೆ ನೀರು ನಿಂತಿರುತ್ತದೆ. ತಳಕ್ಕೆ ಇಲಿ ಬಾರದಂತೆ ಜಾಲರಿ ಅಥವಾ ತಗಡು ಹಾಕಿಸುವುದು ಒಳ್ಳೆಯದು.

ಪೈಪು ಎಷ್ಟು ಎತ್ತರದಲ್ಲಿ ಇರಬೇಕು ಅನ್ನುವುದರಲ್ಲಿ ತುಂಬ ಜನ ಎಡವುತ್ತಾರೆ. ಮುಂದೆ ಬಾಗಿಲಿರುವ ಫ್ರಂಟ್ ಲೋಡ್ ಮಷಿನ್‌ನಲ್ಲಿ ಪಂಪ್ ನೀರನ್ನು ಮೇಲಕ್ಕೆ ಎತ್ತಿ ಹೊರಗೆ ಹಾಕುತ್ತದೆ. ಅದರ ಪೈಪು ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರಕ್ಕೆ ಹೋಗಿ ಇಳಿಯಬೇಕು. ಅದಕ್ಕಿಂತ ಮೇಲೆ ಹೋದರೆ ಪಂಪ್ ದಣಿಯುತ್ತದೆ. ತೀರಾ ಕೆಳಗಿದ್ದರೆ ತುಂಬಿಸಿದ ನೀರು ತಾನಾಗೇ ಹರಿದುಹೋಗುತ್ತದೆ. ಮೇಲೆ ಮುಚ್ಚಳ ಇರುವ ಟಾಪ್ ಲೋಡ್ ಮಷಿನ್‌ಗಳಲ್ಲಿ ಬಹಳಷ್ಟಕ್ಕೆ ಪಂಪೇ ಇರುವುದಿಲ್ಲ. ತಳದ ವಾಲ್ವ್ ತೆರೆದಾಗ ನೀರು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಅದರ ಪೈಪು ನೆಲದ ಮೇಲೇ ಮಲಗಿರಬೇಕು. ಬಚ್ಚಲ ಹೊಸಿಲು ದಾಟಿಸಲು ಅಂತ ಮೇಲಕ್ಕೆತ್ತಿದರೆ ನೀರು ಅಲ್ಲೇ ನಿಲ್ಲುತ್ತದೆ. ಇದು ದೋಷವೇ ಅಲ್ಲ, ಆದರೂ ಇದಕ್ಕಾಗಿ ಮೆಕ್ಯಾನಿಕ್ ಕರೆಸಿದವರನ್ನು ನೋಡಿದ್ದೇನೆ.

ಡ್ರೈನ್ ಪೈಪನ್ನು ಗೋಡೆಯ ಪಿವಿಸಿ ಪೈಪಿನೊಳಗೆ ಆಳಕ್ಕೆ ತುರುಕಬೇಡಿ, ಅರ್ಧ ಗೇಣು ಸಾಕು. ಸುತ್ತ ಟೇಪ್ ಸುತ್ತಿ ಗಾಳಿಯಾಡದಂತೆ ಬಂದ್ ಮಾಡಲೂಬೇಡಿ. ಊರಮನೆಯಲ್ಲಿ ಅಣ್ಣ ಹಾಗೇ ಮಾಡಿದ್ದ, ಜಿರಳೆ ಬಾರದಿರಲಿ ಅಂತ. ಸಂದು ಬಿಟ್ಟಿದ್ದರೆ ಕಾಲುವೆ ಕಟ್ಟಿದ ದಿನವೇ ನೀರು ಉಕ್ಕಿ ಗೊತ್ತಾಗುತ್ತಿತ್ತು.

ಫಿಲ್ಟರ್

ಫ್ರಂಟ್ ಲೋಡ್‌ನ ಕೆಳಮೂಲೆಯಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ. ಎಷ್ಟೋ ಮನೆಗಳಲ್ಲಿ ಮಷಿನ್ ತಂದ ದಿನದಿಂದ ಅದನ್ನು ತೆಗೆದೇ ಇರುವುದಿಲ್ಲ. ನಾಣ್ಯದ ಅಂಚಿನಿಂದ ಮೀಟಿದರೆ ತೆರೆಯುತ್ತದೆ. ಒಳಗೆ ತಿರುಗಿಸುವ ಗುಂಡು ಫಿಲ್ಟರ್ ಇರುತ್ತದೆ. ಹೆಚ್ಚಿನ ಮಷಿನ್‌ಗಳಲ್ಲಿ ಅದರ ಪಕ್ಕ ಒಂದು ಸಣ್ಣ ಕರಿ ಟ್ಯೂಬೂ ಇರುತ್ತದೆ.

ಫಿಲ್ಟರನ್ನು ಒಂದೇ ಸಲಕ್ಕೆ ತಿರುಗಿಸಿ ತೆಗೆಯಬೇಡಿ. ಒಳಗಿನ ನೀರೆಲ್ಲ ಒಟ್ಟಿಗೇ ನುಗ್ಗುತ್ತದೆ, 10–15 ಲೀಟರ್ ಇದ್ದರೂ ಇರಬಹುದು. ಮೊದಲು ಕರಿ ಟ್ಯೂಬಿನ ಬಿರಡೆ ತೆಗೆದು ನೀರು ಇಳಿಸಿ. ಇಲ್ಲಿ ಒಂದು ಕಷ್ಟ ಇದೆ. ಆ ತೂತು ನೆಲದಿಂದ ನಾಲ್ಕು ಬೆರಳು ಮೇಲಿರುತ್ತದೆ, ಅದರಡಿಗೆ ಯಾವ ಪಾತ್ರೆಯೂ ಹೋಗುವುದಿಲ್ಲ. ರೊಟ್ಟಿ ಹಿಟ್ಟು ಕಲಸುವ ಚಪ್ಪಟೆ ತಟ್ಟೆ ಸ್ವಲ್ಪ ಪರವಾಗಿಲ್ಲ. ನನಗೆ ಎಲ್ಲಕ್ಕಿಂತ ಚೆನ್ನಾಗಿ ಒದಗಿದ್ದು ಅಡಿಕೆ ಹಾಳೆ. ನೆನೆಸಿ ಮೆತ್ತಗಾದ ಹಾಳೆಯ ಒಂದು ತುದಿಯನ್ನು ತೂತಿನಡಿಗೆ ಕೊಟ್ಟು, ಇನ್ನೊಂದು ತುದಿಯನ್ನು ಬಚ್ಚಲ ತೂಬಿನ ಕಡೆ ಇಳಿಜಾರಾಗಿ ಇಟ್ಟರೆ ನೀರು ದೋಣಿಯಲ್ಲಿ ಹರಿದಂತೆ ಹೋಗುತ್ತದೆ.

ಈಗ ಗಮನಿಸಬೇಕಾದ ಮುಖ್ಯ ವಿಷಯ. ಡ್ರಮ್ ತುಂಬ ನೀರಿದ್ದು, ಫಿಲ್ಟರ್ ಸಡಿಲಿಸಿದರೂ ಬರೀ ಒಂದು ಲೋಟದಷ್ಟೇ ನೀರು ಬಂದರೆ, ಅಡ್ಡಿ ಫಿಲ್ಟರ್‌ಗಿಂತ ಹಿಂದಿದೆ. ಡ್ರಮ್‌ನಿಂದ ಪಂಪಿಗೆ ಬರುವ ದಪ್ಪ ರಬ್ಬರ್ ಪೈಪಿನಲ್ಲಿ ಕರವಸ್ತ್ರವೋ ಮಗುವಿನ ಕಾಲುಚೀಲವೋ ಕೂತಿರುತ್ತದೆ. ಅದಕ್ಕೆ ಮಷಿನ್‌ನ ತಳ ಅಥವಾ ಮುಂಭಾಗ ಬಿಚ್ಚಬೇಕು, ಅಭ್ಯಾಸ ಇಲ್ಲದವರು ಮೆಕ್ಯಾನಿಕ್‌ಗೆ ಬಿಡುವುದು ವಾಸಿ. ನೀರು ಧಾರಾಳವಾಗಿ ಬಂದರೆ ಅಡ್ಡಿ ಫಿಲ್ಟರಿನಲ್ಲೋ ಪಂಪಿನಲ್ಲೋ ಅದರ ಮುಂದೋ ಇದೆ.

ನಮ್ಮ ಊರಮನೆಯ ಫಿಲ್ಟರಿನಲ್ಲಿ ಸಿಕ್ಕಿದ್ದನ್ನು ಹೇಳುತ್ತೇನೆ. ಎರಡು ರೂಪಾಯಿ ನಾಣ್ಯ, ಪಿನ್ನು, ಅರ್ಧ ಅಡಿಕೆ, ಕಂಬಳಿಯ ಉಣ್ಣೆ, ಇವೆಲ್ಲಕ್ಕೂ ಅಂಟಿಕೊಂಡ ಬೂದು ಬಣ್ಣದ ಕೆಸರು. ಆ ಕೆಸರು ನೋಡಿ ಮೊದಲು ಅರ್ಥವಾಗಲಿಲ್ಲ. ಅದರಲ್ಲಿ ಎರಡು ಮೂಲ ಇತ್ತು. ಒಂದು, ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರಿನ ನುಣ್ಣನೆ ಮರಳು. ಇನ್ನೊಂದು, ಅಡಿಕೆಗೆ ಬೋರ್ಡೋ ದ್ರಾವಣ ಹೊಡೆದು ಬಂದವರ ಬಟ್ಟೆ. ಕೊಳೆ ರೋಗಕ್ಕೆ ಹೊಡೆಯುವ ಶೇಕಡಾ 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಇರುತ್ತದೆ. ಹೊಡೆದು ಬಂದವರ ಅಂಗಿ, ಜೇಬು, ಮಡಿಕೆಗಳಲ್ಲಿ ಸುಣ್ಣದ ಗಸಿ ಕೂತಿರುತ್ತದೆ. ಅದನ್ನು ಹಾಗೇ ಮಷಿನ್‌ಗೆ ಹಾಕಿದರೆ ಗಸಿ ಹೋಗಿ ಫಿಲ್ಟರಿನಲ್ಲಿ ಗಟ್ಟಿಯಾಗುತ್ತದೆ. ಆ ಬಟ್ಟೆಯನ್ನು ಮನೆಮಂದಿಯ ಬಟ್ಟೆಯ ಜೊತೆ ಸೇರಿಸುವುದೂ ಸರಿಯಲ್ಲ. ಅಂಗಳದಲ್ಲೇ ಎರಡು ಸಲ ಜಾಲಿಸಿ, ಬೇರೆಯಾಗಿ ಒಗೆಯಿರಿ. ಅಬ್ಬಿ ನೀರಿಗೆ ಮಷಿನ್ ನಲ್ಲಿಯ ಹತ್ತಿರ ಒಂದು ಜಾಲರಿ ಫಿಲ್ಟರ್ ಹಾಕಿಸಿ.

ಫಿಲ್ಟರನ್ನು ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಅದು ಕೂರುವ ಗೂಡಿನ ಮರೆಯನ್ನೂ, ಅಂದರೆ ತಿರುಪಿನ ಸುತ್ತುಗಳನ್ನೂ ಒರೆಸಿ. ಮರಳು ಉಳಿದರೆ ಮುಚ್ಚಳ ಓರೆಯಾಗಿ ಕೂತು ಸೋರುತ್ತದೆ.

ಪಂಪ್ ಸತ್ತಿದೆಯೇ?

ಫಿಲ್ಟರ್ ತೆಗೆದ ತೂತಿಗೆ ಟಾರ್ಚ್ ಹಿಡಿದರೆ ಆಚೆ ಪಂಪಿನ ರೆಕ್ಕೆ ಕಾಣುತ್ತದೆ. ಪ್ಲಗ್ ಕಿತ್ತಿರುವುದನ್ನು ಇನ್ನೊಮ್ಮೆ ನೋಡಿಕೊಂಡು, ಒಂದು ಕಡ್ಡಿಯಿಂದ ರೆಕ್ಕೆ ತಿರುಗಿಸಿ. ಅದು ಸಲೀಸಾಗಿ ತಿರುಗುವುದಿಲ್ಲ, ತಡೆದು ತಡೆದು ಜಗ್ಗಿದಂತೆ ತಿರುಗುತ್ತದೆ. ಹೆದರಬೇಡಿ. ಒಳಗೆ ಅಯಸ್ಕಾಂತ ಇರುವುದರಿಂದ ಅದು ಹಾಗೇ ಇರಬೇಕು. ಸ್ವಲ್ಪವೂ ಅಲುಗದಿದ್ದರೆ ಕೂದಲೋ ನೂಲೋ ಬುಡಕ್ಕೆ ಸುತ್ತಿಕೊಂಡಿದೆ, ಚಿಮಟದಿಂದ ಎಳೆದು ತೆಗೆಯಿರಿ. ಯಾವ ತಡೆಯೂ ಇಲ್ಲದೆ ಗಿರಗಿರ ತಿರುಗಿದರೆ ರೆಕ್ಕೆ ಅಚ್ಚಿನಿಂದ ಬಿಟ್ಟುಕೊಂಡಿದೆ. ಆಗ ಪಂಪ್ ಬದಲಾಯಿಸಲೇಬೇಕು.

ಮಲ್ಟಿಮೀಟರ್ ಇದ್ದರೆ ಪಂಪಿನ ಎರಡು ಕಾಲುಗಳ ವೈರ್ ಬಿಡಿಸಿ ಓಮ್ ನೋಡಿ. ನಮ್ಮಲ್ಲಿ ಸಿಗುವ 220–240 ವೋಲ್ಟ್ ಪಂಪುಗಳಲ್ಲಿ ಸುಮಾರು 100ರಿಂದ 200 ಓಮ್ ಬರುತ್ತದೆ. ಮೀಟರ್ ಏನೂ ತೋರಿಸದಿದ್ದರೆ ಸುರುಳಿ ಕಡಿದಿದೆ. ಓಮ್ ಸರಿಯಿದ್ದು ಪಂಪ್ ಮೌನವಾಗಿದ್ದರೆ ವೈರ್ ನೋಡಿ. ವೈರೂ ಸರಿಯಿದ್ದರೆ ತೊಂದರೆ ಮಷಿನ್‌ನ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ಇರಬಹುದು. ಬೋರ್ಡಿಗೆ ಮನೆಯಲ್ಲಿ ಕೈ ಹಾಕಬೇಡಿ.

ಗುಂಯ್ ಅನ್ನುವ ಪಂಪನ್ನು ಬಿಸಾಡುವ ಮೊದಲು ವೋಲ್ಟೇಜ್ ನೋಡಿ. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟ್ ಹೋಗುತ್ತದೆ, ಬರುವಾಗ ಡಿಮ್ಮಾಗಿ ಬರುತ್ತದೆ. ಬೇಸಿಗೆಯಲ್ಲಿ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಓಡುವ ಹೊತ್ತಿನಲ್ಲೂ ಹಾಗೇ. ಬಲ್ಬ್ ಮಂಕಾಗಿರುವಾಗ ಮಷಿನ್‌ನ ಸಣ್ಣ ಪಂಪ್ ನೀರಿನ ಭಾರ ಎಳೆಯಲಾರದೆ ಗುಂಯ್ಗುಟ್ಟುತ್ತದೆ. ಹಾಗೇ ಬಿಟ್ಟರೆ ಬಿಸಿಯಾಗಿ ಸುಡುತ್ತದೆ. ರಾತ್ರಿ ಹತ್ತರ ಮೇಲೆ ಇನ್ನೊಮ್ಮೆ ಹಾಕಿ ನೋಡಿ. ಆಗ ಸರಿ ಓಡಿದರೆ ನಿಮಗೆ ಬೇಕಾಗಿರುವುದು ಸ್ಟೆಬಿಲೈಸರ್, ಹೊಸ ಪಂಪ್ ಅಲ್ಲ.

ಟಾಪ್ ಲೋಡ್, ಸೆಮಿ ಆಟೋಮ್ಯಾಟಿಕ್

ಪಂಪ್ ಇಲ್ಲದ ಟಾಪ್ ಲೋಡ್‌ನಲ್ಲಿ ಡ್ರೈನ್ ಮೋಟಾರ್ ಅಂತ ಒಂದು ಪುಟ್ಟ ಮೋಟಾರ್ ಇರುತ್ತದೆ. ಅದು ತಂತಿ ಎಳೆದಾಗ ತಳದ ರಬ್ಬರ್ ವಾಲ್ವ್ ತೆರೆಯುತ್ತದೆ, ಜೊತೆಗೇ ಡ್ರಮ್ ಸ್ಪಿನ್‌ಗೆ ಸಿದ್ಧವಾಗುತ್ತದೆ. ಡ್ರೈನ್ ಶುರುವಾದಾಗ ಕೆಳಗಿನಿಂದ ಕೆಲವು ಸೆಕೆಂಡ್ ಗರ್ ಎಂಬ ಸಣ್ಣ ಸದ್ದು ಬರಬೇಕು. ಸದ್ದು ಬಂದು ನೀರು ಹೋಗದಿದ್ದರೆ ವಾಲ್ವ್‌ನಲ್ಲಿ ಕಸ, ಇಲ್ಲವೇ ತಂತಿ ಕಳಚಿದೆ. ಸದ್ದೇ ಇಲ್ಲದಿದ್ದರೆ ಮೋಟಾರ್ ಅಥವಾ ಅದರ ವೈರ್. ನಿಂತ ನೀರನ್ನು ಚೊಂಬಿನಲ್ಲಿ ಮೊಗೆದು ಖಾಲಿ ಮಾಡಿದ ಮೇಲೆಯೇ ಮಷಿನ್ ಅಲುಗಿಸಿ. ತುಂಬಿದ ಮಷಿನ್ ವಾಲಿಸುವುದು ಬೇಡ, ಅದರಲ್ಲಿ 50 ಲೀಟರ್ ನೀರಿದ್ದರೆ 50 ಕಿಲೋ ಭಾರ ಅಲ್ವಾ?

ಸೆಮಿ ಆಟೋಮ್ಯಾಟಿಕ್ ಇನ್ನೂ ಸರಳ. ಡ್ರೈನ್ ಗುಂಡಿ ತಿರುಗಿಸಿದಾಗ ಒಂದು ದಾರವೋ ಪಟ್ಟಿಯೋ ವಾಲ್ವನ್ನು ಮೇಲೆತ್ತುತ್ತದೆ. ಗುಂಡಿ ಬಿಗಿಯೇ ಇಲ್ಲದೆ ಸಡಿಲವಾಗಿ ತಿರುಗಿದರೆ ದಾರ ತುಂಡಾಗಿದೆ. ಹಿಂದಿನ ತಗಡು ಬಿಚ್ಚಿದರೆ ಕಾಣುತ್ತದೆ, ರಿಪೇರಿಗೂ ಜಾಸ್ತಿ ಖರ್ಚಿಲ್ಲ.

ನೊರೆ

ಇದನ್ನು ಬೇರೆಯಾಗಿ ಹೇಳಲೇಬೇಕು. ಪೈಪು, ಫಿಲ್ಟರ್, ಪಂಪ್ ಎಲ್ಲ ಸರಿಯಿದ್ದೂ ಮಷಿನ್ ಸ್ಪಿನ್‌ಗೆ ಹೋಗದೆ ಮತ್ತೆ ಮತ್ತೆ ನೀರು ತುಂಬಿಸುತ್ತಿದ್ದರೆ ಗಾಜಿನೊಳಗೆ ನೋಡಿ. ಬರೀ ನೊರೆ ಇದ್ದರೆ ಉತ್ತರ ಸಿಕ್ಕಿತು. ಪಂಪ್ ನೀರನ್ನು ನೂಕಬಲ್ಲದು, ನೊರೆಯನ್ನು ನೂಕಲಾರದು. ನಮ್ಮ ಹಳ್ಳ, ಅಬ್ಬಿಗಳ ನೀರು ಮೆದು ನೀರು, ಸೋಪು ಸ್ವಲ್ಪ ಹಾಕಿದರೂ ತುಂಬ ನೊರೆ ಬರುತ್ತದೆ. ಪ್ಯಾಕೆಟ್ ಮೇಲಿನ ಅಳತೆ ಗಡುಸು ನೀರಿಗೂ ಸಾಲುವಂತೆ ಇರುತ್ತದೆ. ಅದರ ಅರ್ಧದಿಂದ ಶುರು ಮಾಡಿ. ಕೈಯಲ್ಲಿ ಒಗೆಯುವ ಪುಡಿಯನ್ನು ಫ್ರಂಟ್ ಲೋಡ್‌ಗೆ ಹಾಕಲೇಬೇಡಿ. ಈಗ ನೊರೆ ಬಂದಿದ್ದರೆ ಮಷಿನ್ ನಿಲ್ಲಿಸಿ ಒಂದು ಗಂಟೆ ಬಿಡಿ, ನೊರೆ ತಾನಾಗೇ ಇಳಿದ ಮೇಲೆ ಬರೀ ನೀರಿನಲ್ಲಿ ಒಂದು ರಿನ್ಸ್ ಕೊಡಿ.

ನೀರು ಪೂರ್ತಿ ಹೋಗಿದ್ದೂ ಪಂಪ್ ನಿಲ್ಲದೆ ಓಡುತ್ತಿದ್ದರೆ ಅದು ಬೇರೆ ಕಾಯಿಲೆ. ನೀರಿನ ಮಟ್ಟ ಅಳೆಯುವ ಸೆನ್ಸರ್‌ಗೆ ಹೋಗುವ ಸಣ್ಣ ಗಾಳಿ ಟ್ಯೂಬಿನ ಬುಡದಲ್ಲಿ ಸೋಪಿನ ಗಸಿ ಕಟ್ಟಿರುತ್ತದೆ. ಒಳಗೆ ಇನ್ನೂ ನೀರಿದೆ ಅಂತ ಮಷಿನ್ ತಿಳಿದುಕೊಂಡಿರುತ್ತದೆ. ಟ್ಯೂಬ್ ತೊಳೆದು ಹಾಕಿದರೆ ಸರಿಹೋಗುತ್ತದೆ.

ಇಷ್ಟು ನೋಡಿಯೂ ಆಗದಿದ್ದರೆ ಮೆಕ್ಯಾನಿಕ್ ಕರೆಸಿ. ಬರೀ "ನೀರು ಹೋಗ್ತಿಲ್ಲ" ಅನ್ನಬೇಡಿ. ಯಾವ ಸದ್ದು ಬರುತ್ತದೆ, ಬಕೆಟ್ ಪರೀಕ್ಷೆಯಲ್ಲಿ ಎಷ್ಟು ನೀರು ಬಂತು, ಫಿಲ್ಟರ್ ಬಿಚ್ಚಿದಾಗ ನೀರು ಬಂತೋ ಇಲ್ಲವೋ, ಈ ಮೂರನ್ನೂ ಹೇಳಿ. ಬೇಕಾದ ಪಾರ್ಟ್ ಮೊದಲೇ ತರುತ್ತಾರೆ. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆಯ ಒಂಟಿ ಮನೆಗೆ ಎರಡು ಸಲ ಬರುವುದು ಅವರಿಗೂ ಕಷ್ಟ. ಪಂಪ್ ಬದಲಾಯಿಸಿದರೆ ಹಳೇ ಪಂಪನ್ನು ಕೇಳಿ ಇಟ್ಟುಕೊಳ್ಳಿ. ಹೊಸದರಲ್ಲೂ ನೀರು ನಿಂತರೆ ಹಳೆಯದು ಕೈಯಲ್ಲೇ ಇರುತ್ತದೆ.

ರಿಪೇರಿ ಆದ ದಿನವೇ ಬಟ್ಟೆ ತುಂಬಬೇಡಿ. ಖಾಲಿ ಮಷಿನ್‌ಗೆ ಒಂದು ರಿನ್ಸ್, ಒಂದು ಸ್ಪಿನ್ ಹಾಕಿ. ಫಿಲ್ಟರ್ ಮುಚ್ಚಳದ ಕೆಳಗೆ ಹಳೇ ನ್ಯೂಸ್ ಪೇಪರ್ ಹಾಸಿಡಿ. ಮಳೆಗಾಲದ ತೇವಕ್ಕೆ ಪೇಪರ್ ಎಲ್ಲ ಕಡೆ ಒಂದೇ ಥರ ಮೆತ್ತಗಾಗುತ್ತದೆ, ಅದಕ್ಕೆ ಚಿಂತೆ ಬೇಡ. ಒಂದೇ ಕಡೆ ದುಂಡಗೆ ಕಲೆ ಕಂಡರೆ ಮುಚ್ಚಳ ಸೋರುತ್ತಿದೆ. ಬಿಚ್ಚಿ, ಮರೆ ಒರೆಸಿ, ನೇರವಾಗಿ ಕೂರಿಸಿ ಮತ್ತೆ ತಿರುಗಿಸಿ.